ಕಿಂಡಿಯಲ್ಲಿಟ್ಟ ಪುಸ್ತಕ

ಕಣ್ಣು ಕಾಣದ ಮಕ್ಕಳಿಗೆ ಪುಸ್ತಕ ಮಾಡಿಕೊಡುವ ಕೆಲಸಕ್ಕೆ ನೀವು ಬರುವವರಿದ್ದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಮಾಡಿದ್ದು ಸರಿಯಿದೆಯೋ ತಪ್ಪಿದೆಯೋ ನಿಮ್ಮ ಮೇಲಿನವರಿಗೆ ಯಾವ ಕಾಲಕ್ಕೂ ತಿಳಿಯುವುದಿಲ್ಲ. ಬಿಳಿ ಹಾಳೆ, ಅದರ ಮೇಲೆ ಬಿಳಿ ಚುಕ್ಕಿ. ತಪಾಸಣೆಗೆ ಬಂದ ಸಾಹೇಬರೊಬ್ಬರು ನಮ್ಮ ಸಮಾಜ ವಿಜ್ಞಾನದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ನಾಲ್ಕು ಹಾಳೆ ತಿರುವಿ, “ಭಾಳ ಛಲೋ ಆಗೇತಿ” ಎಂದು ಹೊಗಳಿ, ಚಹಾ ಕುಡಿದು ಹೋದರು. ನಾನು ಪುಸ್ತಕ ತಿರುಗಿಸಿ ಕೊಡಲಿಲ್ಲ. ತಿರುಗಿಸಿದ್ದರೂ ಅವರಿಗೆ ಅಷ್ಟೇ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಶಾಲುಗಳು ಟ್ರಂಕಿನಲ್ಲಿವೆ, ನುಸಿ ತಿನ್ನುತ್ತಿವೆ. ಕೆಲಸ ಹೇಗಿತ್ತು, ಹೇಗೆ ಹಾಳಾಯಿತು ಅನ್ನುವುದನ್ನಷ್ಟೇ ಬರೆಯುತ್ತೇನೆ.

ನನ್ನೂರು ಹಾನಗಲ್ಲು. ಕೆಲಸ ಮಾಡಿದ್ದು ಶಿಗ್ಗಾವಿಯ ಒಂದು ವಸತಿ ಶಾಲೆಯಲ್ಲಿ. ಸವಣೂರು, ಹಿರೇಕೆರೂರು, ಹಾನಗಲ್ಲಿನ ಹಳ್ಳಿಗಳಿಂದ ಕಣ್ಣು ಕಾಣದ ಮಕ್ಕಳು ಅಲ್ಲಿಗೆ ಬಂದು ಓದುತ್ತಿದ್ದರು. ಶಾಲೆಯ ಹಿಂಬದಿಯ ಖೋಲಿಯಲ್ಲಿ ಬ್ರೈಲ್ ಪ್ರಿಂಟರ್ ಇತ್ತು. ಒಂದೊಂದು ಅಕ್ಷರಕ್ಕೂ ಆರು ಚುಕ್ಕಿಯ ಒಂದು ಗೂಡು. ಅದರಲ್ಲಿ ಯಾವ ಚುಕ್ಕಿ ಎದ್ದಿದೆ, ಯಾವುದು ಇಲ್ಲ ಅನ್ನುವುದರ ಮೇಲೆ ಅಕ್ಷರ. ಆ ಚುಕ್ಕಿಗಳನ್ನು ದಪ್ಪ ಕಾಗದದ ಮೇಲೆ ಪಟಪಟನೆ ಒತ್ತುವ ಯಂತ್ರ ಅದು. ಅದು ಶುರುವಾದರೆ ಪಕ್ಕದ ತರಗತಿಯ ಮಾಸ್ತರರು ಪಾಠ ನಿಲ್ಲಿಸಿ ಬಂದು ಬಾಗಿಲು ಹಾಕುತ್ತಿದ್ದರು. ನಾನು ಅಲ್ಲಿ ಟೈಪ್ ಮಾಡುವವಳು. ನಮ್ಮ ಕಡೆ ಶಾಲೆಯಲ್ಲಿರುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ, ಹಾಗಾಗಿ ನಾನೂ ಅಕ್ಕೋರು.

ನಾನು ಟೈಪ್ ಮಾಡಿದ್ದನ್ನು ತಿದ್ದುವವರು ಸವಣೂರಿನ ಇಮಾಮಸಾಬರು. ಹುಟ್ಟಿನಿಂದಲೇ ಕಣ್ಣಿಲ್ಲ. ಮನೆಯವರದು ಎಲೆಬಳ್ಳಿಯ ತೋಟ. ಅಣ್ಣತಮ್ಮಂದಿರೆಲ್ಲ ಎಲೆ ಕೊಯ್ಯಲು ಇಳಿದರೆ ಇವರು ಮಾತ್ರ ಇಳಿಯಲಿಲ್ಲ. ಬೆರಳು ಗಡುಸಾದರೆ ಓದುವುದು ಹೋಯಿತು ಎಂಬ ಹೆದರಿಕೆ. ಪ್ರಿಂಟರಿನಲ್ಲಿ ಮೊದಲು ತೆಳುವಾದ ಅಗ್ಗದ ಕಾಗದದ ಮೇಲೆ ಒಂದು ಪ್ರತಿ ತೆಗೆಯುತ್ತಿದ್ದೆವು. ಅದರ ಮೇಲೆ ಚುಕ್ಕಿ ಹೆಚ್ಚು ದಿನ ನಿಲ್ಲುವುದಿಲ್ಲ, ಆದರೆ ಒಂದು ಸಲ ಓದಲು ಸಾಕು. ಇಮಾಮಸಾಬರು ಸಾಬೂನಿನಿಂದ ಕೈ ತೊಳೆದು, ಒರೆಸಿ, ಅದರ ಮೇಲೆ ಬೆರಳಾಡಿಸುವರು. ತಪ್ಪು ಸಿಕ್ಕರೆ ಮುಖ ಸೊಟ್ಟ ಮಾಡುವರು.

“ಅಕ್ಕೋರ, ಈ ಹಾಳಿಯೊಳಗ ಒಂದು ಚುಕ್ಕಿ ಸತ್ತೈತ್ರಿ.”

“ಎಲ್ಲಿರಿ?”

“ಹೃದಯದಾಗ. ನಿಮ್ಮ ಹೃದಯಕ್ಕ ಒಂದು ಕೋಣಿ ಕಡಿಮಿ ಬಿದ್ದೈತಿ ನೋಡ್ರಿ.”

ವಿಜ್ಞಾನದ ಪುಸ್ತಕದಲ್ಲಿ ಚಿತ್ರಗಳಿರುತ್ತವಲ್ಲ, ಅವನ್ನೆಲ್ಲ ನಾವು ಮಾತಿನಲ್ಲಿ ಬರೆಯಬೇಕಿತ್ತು. ಹೃದಯದ ಚಿತ್ರವನ್ನು ಎಂದೂ ನೋಡದವರಿಗೆ ಹೃದಯವನ್ನು ಹೇಗೆ ಹೇಳುವುದು? ಇಮಾಮಸಾಬರು ಮಕ್ಕಳನ್ನೇ ಕೇಳಿ ಕೇಳಿ, ಯಾವ ಮಾತು ಅವರಿಗೆ ಹತ್ತುತ್ತದೆ ನೋಡಿ, ಹೇಳಿ ಬರೆಸುತ್ತಿದ್ದರು. ಒಂದು ಚಿತ್ರಕ್ಕೆ ವಾರಗಟ್ಟಲೆ ಹಿಡಿದದ್ದೂ ಉಂಟು. ಆ ಮಾತುಗಳು ಯಾವ ಪುಸ್ತಕದಲ್ಲೂ ಇರಲಿಲ್ಲ, ನಮ್ಮ ಕಂಪ್ಯೂಟರಿನಲ್ಲಷ್ಟೇ ಇದ್ದವು.

ತಿದ್ದಿ ಮುಗಿದ ತೆಳು ಹಾಳೆಗಳು ರದ್ದಿಗೆ ಹೋಗುತ್ತಿದ್ದವು. ರದ್ದಿಯವನು ಅವನ್ನು ಸವಣೂರಿನ ಖಾರದ ತಿಂಡಿಯ ಅಂಗಡಿಗಳಿಗೆ ಮಾರುತ್ತಿದ್ದ. ಒಂದು ದಿನ ಇಮಾಮಸಾಬರು ಖಾರ ಕೊಂಡು ಬಸ್ಸಿನಲ್ಲಿ ಕೂತು ಪೊಟ್ಟಣ ಬಿಚ್ಚಿದರೆ ಬೆರಳಿಗೆ ಬೆಳಕಿನ ವಕ್ರೀಭವನದ ಪಾಠ ಸಿಕ್ಕಿತಂತೆ. ಖಾರ ತಿನ್ನುವುದನ್ನು ಬಿಟ್ಟು ಪೊಟ್ಟಣವನ್ನೇ ಓದುತ್ತಾ ಬಂದರು. ಬಂದವರೇ, “ಅಕ್ಕೋರ, ಆ ಪಾಠದಾಗ ಇನ್ನೊಂದು ತಪ್ಪು ಉಳದೈತ್ರಿ” ಎಂದರು. ಎಷ್ಟು ನಕ್ಕಿದ್ದೆವು!

ನಮ್ಮ ಕಾರ್ಯದರ್ಶಿ ಗೌಡರ ವಿಷಯ ಹೇಳಬೇಕು. ಶಾಲೆಗೆ ಜಾಗ ಕೊಟ್ಟ ಮನೆತನ. ಒಳ್ಳೆಯವರು, ಇದನ್ನು ಒತ್ತಿ ಹೇಳುತ್ತೇನೆ. ಮಕ್ಕಳ ಊಟಕ್ಕೆ ಕಡಿಮೆ ಮಾಡಿದವರಲ್ಲ, ನನ್ನ ಮೇಲೆ ಎಂದೂ ದನಿ ಎತ್ತಿದವರಲ್ಲ. ನಾನು ಕೆಲಸದಲ್ಲಿ ಕಂಡಷ್ಟು ಹಾಳು, ಕೆಟ್ಟವರಿಂದ ಆದದ್ದು ಕಡಿಮೆ. ಒಳ್ಳೆಯವರು ತಮಗೆ ತಿಳಿಯದ್ದನ್ನು ತಿಳಿದಿದೆ ಅಂದುಕೊಂಡಾಗ ಆದದ್ದೇ ಹೆಚ್ಚು.

ಮೊದಲು ಎರಡು ಕಂಪ್ಯೂಟರ್ ಇದ್ದವು. ಹೊಸದರಲ್ಲಿ ನಾನು ಟೈಪ್ ಮಾಡುತ್ತಿದ್ದೆ. ಹಳೆಯದಕ್ಕೆ ಪ್ರಿಂಟರ್ ಜೋಡಿಸಿತ್ತು. ಕನ್ನಡವನ್ನು ಚುಕ್ಕಿಗೆ ತಿರುಗಿಸುವ ಪ್ರೋಗ್ರಾಂ ಬಹಳ ಹಳೆಯದು, ಮಾಡಿದವರು ಎಲ್ಲಿ ಹೋದರೋ ಗೊತ್ತಿಲ್ಲ, ಅದು ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಹೊಸದರಿಂದ ಹಳೆಯದಕ್ಕೆ ಪೆನ್‌ಡ್ರೈವಿನಲ್ಲಿ ಪಾಠ ಒಯ್ಯುವುದು. ಒಂದು ಸಲ ಗೌಡರು ಯಾವುದೋ ಮದುವೆಯ ಫೋಟೋ ಇದ್ದ ಪೆನ್‌ಡ್ರೈವ್ ತಂದು ಚುಚ್ಚಿದರು. ಅದರಲ್ಲಿದ್ದ ವೈರಸ್ಸಿಗೆ ನಮ್ಮ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಮುಟ್ಟಿದರೆ ತೆರೆಯದ ಗುರುತುಗಳು ಕೂತವು. ಹೇಗೋ ಸರಿಹೋಯಿತು. ಆದರೆ ಗೌಡರು ಬೆದರಿಬಿಟ್ಟರು. ಅಂದಿನಿಂದ ಪೆನ್‌ಡ್ರೈವ್ ಖೋಲಿಯೊಳಗೆ ಬರಕೂಡದು ಎಂದು ಅಪ್ಪಣೆಯಾಯಿತು. ಚುಚ್ಚುವ ಕಿಂಡಿಗಳಿಗೆಲ್ಲ ಬೀಗಮುದ್ರೆ ಬಿತ್ತು. ಎರಡು ಕಂಪ್ಯೂಟರಿನ ನಡುವೆ ಒಂದು ವೈರು ಎಳೆದು ಪಾಠ ಕಳಿಸಬೇಕಾಯಿತು.

ಅದರ ಮುಂದಿನ ಬೇಸಿಗೆಯಲ್ಲಿ ಹಳೆಯ ಕಂಪ್ಯೂಟರ್ ಸತ್ತಿತು. ಅದರ ಜಾತಿಯದು ಎಲ್ಲೂ ಸಿಗುವುದಿಲ್ಲ ಎಂದರು. ಪ್ರಿಂಟರ್ ಗಟ್ಟಿಯಾಗಿದೆ, ಪ್ರೋಗ್ರಾಂ ಇದೆ, ಅದು ಕೂರಲು ಮನೆಯೇ ಇಲ್ಲ. ಆಗ ಹಿರೇಕೆರೂರಿನಿಂದ ಮಂಜುನಾಥ ಬಂದ. ಅಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಹಳೆಯ ಕಂಪ್ಯೂಟರ್ ಒಂದನ್ನು ಎಬ್ಬಿಸಿ ಕೊಡುತ್ತೇನೆ ಎಂದ. ನಾನು ನಂಬಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಪರದೆಯ ಮೇಲೆ ಒಂದು ಕಿಟಕಿ ತೆರೆದು, ಅದರೊಳಗೆ ಸತ್ತುಹೋಗಿದ್ದ ಆ ಹಳೆಯ ನೀಲಿ ವಿಂಡೋಸ್ ಎದ್ದು ಕೂತಿತು. ಅದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಹೊರಗಿನ ನಿಜವಾದ ಕಂಪ್ಯೂಟರಿಗೆ ಹೋಸ್ಟ್. ಇಮಾಮಸಾಬರು ಪ್ರಿಂಟರಿನ ಸದ್ದು ಕೇಳಿ, ಎದ್ದು ಬಂದು, ಅದರ ಬೆನ್ನು ಸವರಿದರು.

“ಆದರ ಅಕ್ಕೋರ, ನೀವು ಹೊರಗ ಟೈಪ್ ಮಾಡಿದ್ದು ಒಳಗ ಹೋಗಬೇಕಲ್ರಿ? ಪೆನ್‌ಡ್ರೈವ್ ಇಲ್ಲ. ಅದಕ್ಕ ನಡುವ ಒಂದು ಶೇರ್ಡ್ ಫೋಲ್ಡರ್ ಮಾಡೇನಿ” ಎಂದ ಮಂಜುನಾಥ.

“ಅಂದ್ರ ಏನಪಾ?”

“ನಿಮ್ಮ ಮನ್ಯಾಗ ಅಡಗಿ ಮನಿಗೂ ಪಡಸಾಲಿಗೂ ನಡುವಿನ ಗ್ವಾಡಿಯೊಳಗ ಕಿಂಡಿ ಇರತೈತಲ್ರಿ, ಹಂಗ. ಅವ್ವ ಅಡಗಿ ಮನ್ಯಾಗಿಂದ ಕಿಂಡಿಯೊಳಗ ರೊಟ್ಟಿ ಇಡತಾಳ. ಪಡಸಾಲ್ಯಾಗ ಕುಂತವರಿಗೂ ಕಾಣತೈತಿ, ಅಡಗಿ ಮನ್ಯಾಗಿದ್ದವರಿಗೂ ಕಾಣತೈತಿ. ಆದರ ರೊಟ್ಟಿ ಒಂದ ರೀ. ಯಾವ ಕಡಿಂದ ತಗದ್ರೂ ಎರಡೂ ಕಡೆ ಹೋತು. ಇದೊಂದು ನೆಪ್ಪಿನ್ಯಾಗ ಇಡ್ರಿ.”

ಇಷ್ಟು ಚೆನ್ನಾಗಿ ಕಂಪ್ಯೂಟರಿನ ಮಾತು ನನಗೆ ಯಾರೂ ಹೇಳಿರಲಿಲ್ಲ. ನೀವೂ ಇದನ್ನು ನೆನಪಿನಲ್ಲಿಡಿ. ಹೋಸ್ಟಿನ ಫೋಲ್ಡರನ್ನು ಒಳಗಿನ ಯಂತ್ರಕ್ಕೆ ತೋರಿಸಿದರೆ ಅದು ನಕಲಲ್ಲ. ಕಾಣುವುದು ಎರಡು ಕಡೆ, ಇರುವುದು ಒಂದು ಕಡೆ. ಒಳಗಿನಿಂದ ಅಳಿಸಿದರೆ ಕಸದ ಬುಟ್ಟಿಗೂ ಹೋಗುವುದಿಲ್ಲ, ಸೀದಾ ಹೋಗಿಬಿಡುತ್ತದೆ. ಅದಕ್ಕೇ ಮಂಜುನಾಥ ಮೊದಲು ಎರಡು ಫೋಲ್ಡರ್ ಮಾಡಿದ್ದ. ಒಂದು ಒಳಗೆ ಹೋಗುವ ಪಾಠಕ್ಕೆ. ಅದನ್ನು ಒಳಗಿನ ಯಂತ್ರ ಓದಬಹುದು, ಮುಟ್ಟುವಂತಿಲ್ಲ. ಇನ್ನೊಂದು ಒಳಗಿನಿಂದ ಚುಕ್ಕಿಯಾಗಿ ಬರುವ ಪಾಠಕ್ಕೆ.

ಗೌಡರಿಗೆ ಇದು ಹಿಡಿಸಲಿಲ್ಲ. ಯಾರೇ ದೊಡ್ಡವರು ಬಂದರೂ ಅವರನ್ನು ನನ್ನ ಖೋಲಿಗೆ ಕರೆತಂದು, “ನೋಡ್ರಿ, ಕಂಪ್ಯೂಟರಿನೊಳಗ ಇನ್ನೊಂದು ಕಂಪ್ಯೂಟರ್” ಎಂದು ತೋರಿಸುವುದು ಅವರ ಸಂತೋಷ. ಎರಡು ಫೋಲ್ಡರಿನ ಗೊಂದಲದಲ್ಲಿ ಒಮ್ಮೆ ಬಂದವರ ಮುಂದೆ ಪಾಠ ಸಿಗದೆ ಪೇಚಾಡಿದರು. “ಎರಡ್ಯಾಕ, ಒಂದ ಇಡು” ಎಂದು ಮಂಜುನಾಥನಿಗೆ ಹೇಳಿ ಮಾಡಿಸಿದರು. ಹುಡುಗ ಬೇಡವೆಂದ, ನಾನೂ ಬೇಡವೆಂದೆ. ಒಂದಾಯಿತು. ಅದಕ್ಕೆ ಎರಡೂ ಕಡೆಯಿಂದ ಪೂರ್ತಿ ಹಕ್ಕು.

ಆಮೇಲೆ ನಾನು ಇನ್ನೊಂದು ಹಾರ್ಡ್‌ಡಿಸ್ಕ್ ಕೇಳಿದೆ, ಎಲ್ಲವನ್ನೂ ಬೇರೆ ತೆಗೆದಿಡಲು. ಗೌಡರು ನಕ್ಕರು.

“ಎರಡೂ ಕಡೆ ಕಾಣಾಕತ್ತೈತಲ್ರಿ ಅಕ್ಕೋರ. ಇನ್ನ ಮೂರನೇ ಕಡೆ ಯಾಕ?”

“ಗೌಡ್ರ, ಅದು ಕಿಂಡಿಯೊಳಗಿನ ರೊಟ್ಟಿ ಇದ್ದಂಗ್ರಿ. ಇರೂದು ಒಂದ.”

“ರೊಟ್ಟಿ ಅಂದ್ರ ಊಟದ ಹೊತ್ತಾತು ನೋಡ್ರಿ” ಎಂದು ಎದ್ದುಹೋದರು. ಆಮೇಲೂ ಎರಡು ಮೂರು ಸಲ ಕೇಳಿದೆ. ಪ್ರತಿ ಸಲವೂ ಅದೇ ನಗು.

ಈ ಹೊತ್ತಿನಲ್ಲಿ ನಮ್ಮ ಶಾಲೆಯಲ್ಲಿ ದುಂಡಸಿಯ ಗಂಗವ್ವ ಇದ್ದಳು. ಕಣ್ಣಿಲ್ಲದೆ ಹುಟ್ಟಿದ ಹುಡುಗಿ, ಚುರುಕು. ಒಂಬತ್ತನೇ ತರಗತಿಯಲ್ಲಿದ್ದಾಗ ಊಟದ ಗಂಟೆ ಹೊಡೆದರೂ ಏಳದೆ ಕೂತಿರುವುದನ್ನು ಇಮಾಮಸಾಬರು ಮೊದಲು ಗಮನಿಸಿದರು. ಗಮನಿಸಿದರು ಎಂದರೆ, ಉಳಿದ ಮಕ್ಕಳ ಹೆಜ್ಜೆಯ ನಡುವೆ ಅವಳ ಹೆಜ್ಜೆ ಕೇಳಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದೆವು. ಕಿವಿಯ ನರ ಹೋಗುತ್ತಿದೆ, ನಿಲ್ಲಿಸಲು ಬರುವುದಿಲ್ಲ, ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಎಂದರು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಕೇಳದಾಯಿತು. ಮಾತು ಮಾತ್ರ ಇತ್ತು. ತನ್ನ ಮಾತು ತನಗೇ ಕೇಳದ್ದರಿಂದ ಬರಬರುತ್ತಾ ಜೋರಾಗಿ ಮಾತಾಡುತ್ತಿದ್ದಳು.

ಇಮಾಮಸಾಬರು ಒಂದು ಉಪಾಯ ಹುಡುಕಿದರು. ಅವಳ ಎರಡು ಕೈಯ ತೋರುಬೆರಳು, ನಡುಬೆರಳು, ಉಂಗುರ ಬೆರಳು ಸೇರಿದರೆ ಆರು. ಆರು ಬೆರಳು ಆರು ಚುಕ್ಕಿ. ಯಾವ ಚುಕ್ಕಿ ಬೇಕೋ ಆ ಬೆರಳನ್ನು ಒತ್ತಿ ಒತ್ತಿ ಅಕ್ಷರ ಹೇಳುವುದು. ಗಂಗವ್ವ ಅದನ್ನು ಕೆಲವೇ ದಿನಗಳಲ್ಲಿ ಹಿಡಿದಳು. ಹೀಗೆ ನಾಲ್ಕು ಮಾತು ಹೇಳಬಹುದು, ಇಡೀ ಪುಸ್ತಕ ಹೇಳಲಾದೀತೇ? ಉಳಿದ ಮಕ್ಕಳಿಗೆ ಮಾಸ್ತರರ ಪಾಠವಿತ್ತು, ಮೊಬೈಲಿತ್ತು, ಗೆಳೆಯರ ಹರಟೆಯಿತ್ತು. ಅವಳಿಗೆ ನಮ್ಮ ಚುಕ್ಕಿಯ ಪುಸ್ತಕ ಒಂದೇ ಇತ್ತು. ಹತ್ತನೆಯದು ಪಾಸಾದರೆ ದೊಡ್ಡ ಊರಿನಲ್ಲಿ ಇಂಥ ಮಕ್ಕಳ ಸಂಸ್ಥೆಯೊಂದು ಅವಳನ್ನು ಮುಂದೆ ಓದಿಸಲು ಒಪ್ಪಿತ್ತು. ಇಲ್ಲದಿದ್ದರೆ ದುಂಡಸಿಯ ಮನೆಯ ಒಂದು ಮೂಲೆ, ಕತ್ತಲೆ, ಮೌನ. ಇದು ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆ ವರ್ಷ ಪಠ್ಯ ಬದಲಾಗಿತ್ತು; ಹತ್ತನೆಯ ತರಗತಿಯ ಹೊಸ ಪುಸ್ತಕಗಳೆಲ್ಲ ಎರಡೆರಡು ಭಾಗ. ಮೊದಲ ಭಾಗಗಳನ್ನು ಒತ್ತಿ ಹೊಲಿದು ಕೊಟ್ಟಾಗಿತ್ತು. ಎರಡನೇ ಭಾಗಗಳು ಟೈಪಾಗಿ, ಇಮಾಮಸಾಬರ ಬೆರಳಿನ ಕೆಳಗೆ ತಿದ್ದಿಸಿಕೊಂಡು, ಆ ಶೇರ್ಡ್ ಫೋಲ್ಡರಿನಲ್ಲಿ ಸಿದ್ಧವಾಗಿ ಕೂತಿದ್ದವು. ದಪ್ಪ ಕಾಗದ ಮುಗಿದಿತ್ತು. ದಸರೆ ಮುಗಿದ ಕೂಡಲೇ ತರಿಸುತ್ತೇನೆ ಎಂದು ಗೌಡರು ಹೇಳಿದ್ದರು.

ನಮ್ಮ ಕಡೆ ಖಂಡೇನವಮಿಗೆ ಮೊದಲು ಮನೆ ಮನೆಯೇ ಹೊರಗೆ ಬರುತ್ತದೆ. ಹಾಸಿಗೆ, ಕೌದಿ, ಪಾತ್ರೆ ಎಲ್ಲ ತೊಳೆದು, ಬೇಡವಾದದ್ದು ಎಸೆದು, ಆಮೇಲೆ ಯಂತ್ರಕ್ಕೆ, ಆಯುಧಕ್ಕೆ ವಿಭೂತಿ ಹಚ್ಚಿ ಪೂಜೆ. ಶಾಲೆಯಲ್ಲೂ ಹಾಗೆಯೇ. ಪ್ರತಿ ವರ್ಷ ಪ್ರಿಂಟರಿನ ಧೂಳು ನಾನೇ ಒರೆಸಿ, ಚೆಂಡುಹೂ ಹಾಕಿ ಊರಿಗೆ ಹೋಗುತ್ತಿದ್ದೆ. ಆ ವರ್ಷವೂ ಒರೆಸಿದೆ, ಹೂ ಹಾಕಿದೆ, ಹಾನಗಲ್ಲಿಗೆ ಬಂದೆ.

ಹಬ್ಬಕ್ಕೆ ಗೌಡರ ಅಳಿಯ ಬಂದಿದ್ದರು, ಕಂಪ್ಯೂಟರ್ ಬಲ್ಲವರು. ಶಾಲೆಯ ವಾರ್ಷಿಕೋತ್ಸವದ ದೊಡ್ಡ ವಿಡಿಯೋ ಒಂದನ್ನು ನಮ್ಮ ಕಂಪ್ಯೂಟರಿನಲ್ಲಿ ಇಡಬೇಕಿತ್ತು, ಜಾಗವಿರಲಿಲ್ಲ. ಗೌಡರಿಗೆ ಒಂದು ವಿಚಾರ ಹೊಳೆಯಿತು. ಮನೆಯನ್ನೆಲ್ಲ ತೊಳೆದು ಪೂಜೆಗೆ ಅಣಿ ಮಾಡುವಾಗ ಕಂಪ್ಯೂಟರಿನ ಹೊರಮೈಯನ್ನಷ್ಟೇ ಒರೆಸಿದರೆ ಏನು ಬಂತು, ಒಳಗೂ ತೊಳೆಯಬೇಡವೇ? ಅಳಿಯಂದಿರು ಬೇಡದ್ದನ್ನೆಲ್ಲ ಅಳಿಸುತ್ತಾ ತೊಳೆದರು. ಹೊರಗೆ ಒಂದು ಫೋಲ್ಡರು, ಒಳಗಿನ ಹಳೆಯ ವಿಂಡೋಸ್‌ನಲ್ಲಿ ಅದೇ ಹೆಸರಿನ ಪಾಠಗಳು. ಡಬಲ್ ಡಬಲ್ ಇದೆ ಎಂದುಕೊಂಡರು. ಹೊರಗಿನದನ್ನು ಇಟ್ಟುಕೊಂಡು ಒಳಗಿನದನ್ನು ಅಳಿಸಿದರು. ಹೊರಗೆ ಜಾಗ ಖಾಲಿಯಾಯಿತು ಎಂದು ಖುಷಿಯಾಗಿ ಆ ವಿಡಿಯೋ ತುಂಬಿದರು. ವಿಭೂತಿ ಹಚ್ಚಿ, ಕರ್ಪೂರ ಬೆಳಗಿದರು.

ಹಬ್ಬ ಮುಗಿಸಿ ನಾನು ಬಂದಾಗ ಗೌಡರೇ ಬಾಗಿಲಲ್ಲಿ ನಿಂತಿದ್ದರು.

“ಅಕ್ಕೋರ, ಈ ಸಲ ನಿಮ್ಮ ಮಷೀನ್ ಒಳಗೂ ಸ್ವಚ್ಛ ಮಾಡಿಸೇವ್ರಿ. ಹೆಂಗ ಓಡತೈತಿ ನೋಡ್ರಿ!”

ಓಡುತ್ತಿತ್ತು, ನಿಜ. ಫೋಲ್ಡರ್ ತೆರೆದೆ. ಹೊರಗೂ ಖಾಲಿ, ಒಳಗೂ ಖಾಲಿ. ಕಸದ ಬುಟ್ಟಿಯೂ ಖಾಲಿ. ಪರದೆಯ ನೆತ್ತಿಯ ಮೇಲೆ ಮೂರು ಗೆರೆ ವಿಭೂತಿ. ಇಮಾಮಸಾಬರು ನನ್ನ ಕುರ್ಚಿಯ ಹತ್ತಿರ ಬಂದು, “ಯಾಕ ಅಕ್ಕೋರ, ಟೈಪಿನ ಸಪ್ಪಳ ಇಲ್ಲ?” ಎಂದು ಕೇಳಿದರು. ಅವರಿಗೆ ಹೇಳಿದೆ. ಅವರು ಮೇಜಿನ ಅಂಚು ಹಿಡಿದು ಹಾಗೇ ನಿಂತರು.

ಮಂಜುನಾಥ ಹಿರೇಕೆರೂರಿನಿಂದ ಓಡಿ ಬಂದ. ಅಳಿಸಿದ್ದನ್ನು ಮತ್ತೆ ತೆಗೆಯುವ ಪ್ರೋಗ್ರಾಂ ಹಾಕಿ ದಿನವಿಡೀ ಕೂತ. ಅಳಿಸಿದ ಮೇಲೆ ಸುಮ್ಮನೆ ಬಿಟ್ಟಿದ್ದರೆ ಬಹಳಷ್ಟು ಸಿಗುತ್ತಿತ್ತು, ವಿಡಿಯೋ ಅದರ ಮೇಲೆಯೇ ಕೂತುಬಿಟ್ಟಿದೆ ಎಂದ. ಹೆಸರಿಲ್ಲದ ಕೆಲವು ಚೂರುಗಳು ಸಿಕ್ಕವು. ಅವನ್ನು ತೆಳು ಕಾಗದದ ಮೇಲೆ ಒತ್ತಿ ಇಮಾಮಸಾಬರ ಕೈಗಿಟ್ಟೆ. ಅವರ ಬೆರಳು ಒಂದು ಸಾಲು ಹೋಯಿತು, ನಿಂತಿತು, ಹಿಂದೆ ಬಂತು, ಮತ್ತೆ ಹೋಯಿತು.

“ಇದು ಯಾವ ಭಾಷಿನೂ ಅಲ್ರಿ ಅಕ್ಕೋರ.”

ಮರುದಿನ ಇಮಾಮಸಾಬರು ಕೆಲಸಕ್ಕೆ ಬರಲಿಲ್ಲ. ಸವಣೂರಿನಲ್ಲಿ ಒಂದೊಂದೇ ಖಾರದ ಅಂಗಡಿಗೆ ಕೋಲು ಊರುತ್ತಾ ಹೋಗಿ, ರದ್ದಿಯ ಕಟ್ಟು ಬಿಚ್ಚಿಸಿ ತಡವಿ ನೋಡಿದರಂತೆ. ತಿದ್ದಲು ತೆಗೆದ ತೆಳು ಪ್ರತಿಗಳಲ್ಲಿ ಚಿತ್ರಗಳ ವಿವರಣೆಗಳು ಇದ್ದವಲ್ಲ, ಅವು ಸಿಕ್ಕರೂ ಸಾಕು ಅಂತ. ಅಂಗಡಿಯವರು ಪಾಪ, ಸಹಾಯ ಮಾಡಿದರು. ಸಿಕ್ಕದ್ದು ಒಂದೇ ಹಾಳೆ. ಎಣ್ಣೆ ಹೀರಿ ಚುಕ್ಕಿಗಳು ಮಲಗಿದ್ದವು. ಅದನ್ನು ಮಡಚಿ ಜೇಬಿನಲ್ಲಿಟ್ಟು ನನಗೆ ತಂದುಕೊಟ್ಟರು. ನಾವಿಬ್ಬರೂ ಆ ದಿನ ಊಟ ಮಾಡಲಿಲ್ಲ.

ಗೌಡರಿಗೂ ನೋವಾಯಿತು, ಇಲ್ಲ ಎನ್ನಲಾರೆ. ಅಳಿಯನನ್ನು ಬಯ್ದರಂತೆ. ಆದರೆ ನೋವಾದವರು ಬೇಗ ಒಂದು ದಾರಿ ಹುಡುಕಿಕೊಳ್ಳುತ್ತಾರೆ, ತಮ್ಮ ನೋವು ಕಡಿಮೆಯಾಗಲಿ ಅಂತ. ಅವರು ಹುಡುಕಿದ ದಾರಿ ಮೊಬೈಲು. ಮಾಸ್ತರರು ಪುಸ್ತಕ ಓದಿ ದನಿ ಮುದ್ರಿಸುವುದು, ಮಕ್ಕಳು ಕೇಳುವುದು. ವಾರದೊಳಗೆ ಎಲ್ಲ ಪಾಠ ತಯಾರಾದವು. ಮಕ್ಕಳಿಗೂ ಖುಷಿ, ಭಾರದ ಪುಸ್ತಕ ಹೊರುವುದು ತಪ್ಪಿತು. ದಪ್ಪ ಕಾಗದ ತರಿಸುವ ಮಾತು ನಿಂತಿತು.

“ಗಂಗವ್ವಗ ಕೇಳಂಗಿಲ್ರಿ ಗೌಡ್ರ” ಎಂದೆ.

“ಒಬ್ಬಾಕಿ ಸಲುವಾಗಿ ಎಷ್ಟಂತ ಮಾಡೂದ್ರಿ ಅಕ್ಕೋರ? ಆತು, ನೀವು ಮತ್ತ ಟೈಪ್ ಮಾಡ್ರಿ. ಕಾಗದ ನೋಡೂಣು.”

ಟೈಪ್ ಮಾಡಿದೆ. ವಿಜ್ಞಾನದ ಎರಡನೇ ಭಾಗವನ್ನು ಮೊದಲಿನಿಂದ ಹೊಡೆದೆ. ಇಮಾಮಸಾಬರು ತಾವು ಹಿಂದೆ ಹೇಳಿದ ವಿವರಣೆಗಳನ್ನು ನೆನಪು ಮಾಡಿಕೊಂಡು ಹೇಳಿದರು; ಎಷ್ಟೋ ನೆನಪಿಗೆ ಬರಲಿಲ್ಲ, ಬಂದವು ಮೊದಲಿನಷ್ಟು ಚೆನ್ನಾಗಿರಲಿಲ್ಲ. ಪುಸ್ತಕ ತಯಾರಾಯಿತು. ಕಾಗದ ಬರಲಿಲ್ಲ. ಆ ಪ್ರಿಂಟರ್ ಎರಡು ಅಂಚಿಗೂ ತೂತಿರುವ ಉದ್ದನೆಯ ಕಾಗದವನ್ನಷ್ಟೇ ಎಳೆದುಕೊಳ್ಳುತ್ತದೆ, ಬೇರೆಯದನ್ನು ಹಾಕಲು ಬರುವುದಿಲ್ಲ. ಉಳಿದಿದ್ದ ಚೂರುಪಾರು ತೆಳು ಕಾಗದವೂ ತಿದ್ದುವುದಕ್ಕೇ ಮುಗಿದು, ಅದರ ಚುಕ್ಕಿಗಳು ಇಮಾಮಸಾಬರ ಬೆರಳಿನಡಿಯಲ್ಲೇ ಮಲಗಿದ್ದವು. ದೂರದ ದೊಡ್ಡ ಬ್ರೈಲ್ ಮುದ್ರಣಾಲಯಕ್ಕೆ ಫೋನ್ ಮಾಡಿದೆ. ಮುಂದಿನ ವರ್ಷಕ್ಕೆ ನೋಡೋಣ ಎಂದರು. ಮುಂದಿನ ವರ್ಷದ ಪುಸ್ತಕದಿಂದ ಈ ವರ್ಷದ ಪರೀಕ್ಷೆ ಬರೆಯಲಾದೀತೇ?

ಸಂಕ್ರಾಂತಿಯ ಹೊತ್ತಿಗೆ ನಾನು ನಿವೃತ್ತಳಾದೆ. ಇನ್ನೊಂದು ಶಾಲು. ಕಾಗದ ಬರುತ್ತದೆ ಎಂದು ಕಾದದ್ದು ಸಾಕಾಗಿತ್ತು. ಹಾನಗಲ್ಲಿನ ಪರಿಚಯದವರ ಅಂಗಡಿಗಳಲ್ಲಿ ಹಳೆಯ ಕ್ಯಾಲೆಂಡರ್ ಬೇಡಿ ತಂದೆ. ದೇವರ ಚಿತ್ರದ ದಪ್ಪ ಹಾಳೆಗಳು ಕೈಯಿಂದ ಚುಕ್ಕಿ ಒತ್ತಲು ಚೆನ್ನಾಗಿರುತ್ತವೆ. ತೂತಿನ ಪಟ್ಟಿಯ ಕೆಳಗೆ ಹಾಳೆ ಸಿಕ್ಕಿಸಿ, ಮೊಂಡ ದಬ್ಬಳದಂಥ ಮೊಳೆಯಿಂದ ಬಲದಿಂದ ಎಡಕ್ಕೆ ಒಂದೊಂದೇ ಚುಕ್ಕಿ ಒತ್ತಬೇಕು. ಸವಣೂರಿನಲ್ಲಿ ಇಮಾಮಸಾಬರು ಒತ್ತಿದರು, ಹಾನಗಲ್ಲಿನಲ್ಲಿ ನಾನು ಒತ್ತಿದೆ. ನನ್ನ ಮಣಿಕಟ್ಟು ಊದಿತು. ಪರೀಕ್ಷೆ ಬಂದಾಗ ಎರಡು ಪಾಠವಷ್ಟೇ ಮುಗಿದಿದ್ದವು. ಅವನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಶಾಲೆಗೆ ಕಳಿಸಿದೆ. ತಲುಪಿದವು ಎಂದು ಹೇಳಿದರು. ಅಷ್ಟರಿಂದ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

ಪರೀಕ್ಷೆಯಲ್ಲಿ ಗಂಗವ್ವನಿಗೆ ಬರೆಯುವವಳೊಬ್ಬಳನ್ನು ಕೊಟ್ಟಿದ್ದರು. ಬೆರಳೊತ್ತಿ ಪ್ರಶ್ನೆ ಹೇಳುವುದನ್ನು ಆ ಹುಡುಗಿಗೆ ಇಮಾಮಸಾಬರು ಕಲಿಸಿದ್ದರು. ಹಾಗಾಗಿ ಪ್ರಶ್ನೆಗಳೆಲ್ಲ ಗಂಗವ್ವನಿಗೆ ತಲುಪಿದವು. ಮೊದಲ ಭಾಗದ ಉತ್ತರಗಳನ್ನು ಒಂದಕ್ಷರ ಬಿಡದೆ ಹೇಳಿದಳಂತೆ. ಆಮೇಲೆ ಒಂದು ಪ್ರಶ್ನೆ ಬಂತು. “ಅದು ಎರಡನೇ ಭಾಗದಾಗ ಐತಿ” ಎಂದಳು. ಮುಂದಿನ ಪ್ರಶ್ನೆ. “ಅದೂ ಎರಡನೇ ಭಾಗದಾಗ ಐತಿ.” ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕೆಂಬುದು ನಿಯಮ. ಬರೆಯುವ ಹುಡುಗಿ ಅಳುತ್ತಾ ಅದನ್ನೇ ಬರೆದಳು. ಒಂದು ಸಲವಲ್ಲ, ಪುಟದ ಮೇಲೆ ಪುಟ. ವಿಜ್ಞಾನಕ್ಕೂ ಅದೇ, ಸಮಾಜಕ್ಕೂ ಅದೇ. ಅದನ್ನು ತಿದ್ದಿದ ಮಾಸ್ತರರು ಏನಂದುಕೊಂಡರೋ ಗೊತ್ತಿಲ್ಲ. ಉಡಾಳತನ ಎಂದೇ ಅಂದುಕೊಂಡಿರಬೇಕು.

ಅವಳು ನಪಾಸಾದಳು. ಮತ್ತೊಮ್ಮೆ ಕೂರಿಸಿ ಎಂದು ಮನೆಯವರಿಗೆ ಹೇಳಿದೆವು. ಯಾವ ಪುಸ್ತಕದಿಂದ ಕೂರಿಸುವುದು ಎಂದು ಅವರು ಕೇಳಿದರು. ನನ್ನ ಖೋಲಿ ಈಗ ದನಿ ಮುದ್ರಿಸುವ ಖೋಲಿಯಾಗಿದೆ, ಗೋಡೆಗೆ ಕೌದಿ ಹೊದಿಸಿದ್ದಾರೆ. ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಿದ್ದಾರೆ. ಒಳಗಿನ ಹಳೆಯ ವಿಂಡೋಸ್ ಹೋಯಿತು, ಅದರೊಂದಿಗೆ ನಮ್ಮ ಪ್ರೋಗ್ರಾಂ ಹೋಯಿತು, ನಾನು ಎರಡನೇ ಸಲ ಟೈಪ್ ಮಾಡಿದ್ದೂ ಹೋಯಿತು. ಪ್ರಿಂಟರ್ ಮೆಟ್ಟಿಲಿನ ಕೆಳಗೆ ಗೋಣಿಚೀಲ ಹೊದ್ದು ಕೂತಿದೆ. ಮಕ್ಕಳು ಚೆನ್ನಾಗಿ ಪಾಸಾಗುತ್ತಿದ್ದಾರೆ. ಅವರಲ್ಲಿ ಒಬ್ಬ ಹುಡುಗನಿಗೆ ಅವನ ಹೆಸರನ್ನು ಚುಕ್ಕಿಯಲ್ಲಿ ಬರೆ ಎಂದೆ. ಬರಲಿಲ್ಲ. ಇದನ್ನು ಯಾರಿಗೆ ಹೇಳಿಕೊಳ್ಳಲಿ?

ನಿಮಗೆ ಉಪದೇಶ ಮಾಡುವ ಹುಮ್ಮಸ್ಸು ನನ್ನಲ್ಲಿ ಉಳಿದಿಲ್ಲ. ಎರಡು ಕಡೆ ಕಾಣುವುದು ಎರಡಲ್ಲ ಅಂತ ನಿಮ್ಮ ಮೇಲಿನವರಿಗೆ ಹೇಳಿ. ನಗುತ್ತಾರೆ. ಆದರೂ ಹೇಳಿ. ಒಂದು ಪ್ರತಿಯನ್ನು ಅವರ ಮಾತು ಮೀರಿಯಾದರೂ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಇಷ್ಟನ್ನು ಬರೆಯಲಿಕ್ಕೇ ಈ ಕಾಗದ ಹಿಡಿದೆ.

ಮಳೆಗಾಲ ಮುಗಿದ ಮೇಲೆ ಒಂದು ದಿನ ದುಂಡಸಿಗೆ ಹೋದೆ. ಮನೆಯವರು ಹೊಲಕ್ಕೆ ಹೋಗಿದ್ದರು. ಗಂಗವ್ವ ಒಳಗೆ ಗೋಡೆಗೊರಗಿ ಕೂತು, ತೊಡೆಯ ಮೇಲೆ ವಿಜ್ಞಾನದ ಮೊದಲ ಭಾಗ ಇಟ್ಟುಕೊಂಡು ಓದುತ್ತಿದ್ದಳು. ನಾನು ಎದುರಿಗೆ ಕೂತು ಪುಸ್ತಕದ ಮೇಲೆ ಕೈಯಿಟ್ಟೆ. ಓದಿ ಓದಿ ಚುಕ್ಕಿಗಳು ಸವೆದು ಹಾಳೆ ನುಣ್ಣಗಾಗಿತ್ತು. ಅಲ್ಲಿ ಓದಲು ಏನೂ ಉಳಿದಿರಲಿಲ್ಲ, ಅವಳ ಬೆರಳು ಮಾತ್ರ ಸಾಲು ಹಿಡಿದು ಹೋಗುತ್ತಿತ್ತು. ನನ್ನ ಕೈ ಹಿಡಿದು, ಇನ್ನೂ ಊದಿದ್ದ ಮಣಿಕಟ್ಟನ್ನೂ ಅದರ ಮೇಲಿನ ಬಳೆಗಳನ್ನೂ ಸವರಿ, ಯಾರೆಂದು ಗುರುತಿಸಿದಳು. ಮುಖ ಅರಳಿತು.

“ಅಕ್ಕೋರ! ಎರಡನೇ ಭಾಗ ತಂದೀರೇನ್ರಿ?” ಎಂದು ಮನೆಯೆಲ್ಲ ಕೇಳುವಷ್ಟು ಜೋರಾಗಿ ಕೇಳಿದಳು.

ಎರಡೂ ಕೈ ಮುಂದೆ ಚಾಚಿ ಕಾದಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ಬರೆದೆ: ಇಲ್ಲ.

ಅವಳು ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಚಾಚಿದಳು.

“ತಿಳೀಲಿಲ್ರಿ ಅಕ್ಕೋರ. ಇನ್ನೊಮ್ಮೆ ಬರೀರಿ.”

ನಾನು ಇನ್ನೊಮ್ಮೆ ಬರೆದೆ.